ಗಾಳಿ ಹಲಗೆಯ ಹಿತ್ತಾಳೆ ತಿರುಪು

ಆಗ ನನಗೆ ಅರವತ್ತೊಂದು ವರ್ಷ. ಇದು ನಡೆದು ಆರು ವರ್ಷವಾಯಿತು. ಕಾಮಾಕ್ಷಿಪಾಳ್ಯದಲ್ಲಿ, ಮಾಗಡಿ ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ಫೈಬರ್ ಗ್ಲಾಸ್ ವರ್ಕ್‌ಶಾಪಿನಲ್ಲಿ ನಾನು ಫಿನಿಷಿಂಗ್ ಕೆಲಸದಲ್ಲಿದ್ದೆ. ಸೇರಿದಾಗ ಕಸ ಗುಡಿಸುತ್ತಿದ್ದೆ. ಆಮೇಲೆ ರೆಸಿನ್ ಕಲಸಿದೆ, ಆಮೇಲೆ ಉಜ್ಜಿದೆ, ಕೊನೆಗೆ ಮಾಲು ಹೊರಗೆ ಹೋಗುವ ಮುಂಚೆ ತಟ್ಟಿ ನೋಡಿ ಸರಿ ಇದೆ ಅನ್ನುವ ಕೆಲಸ ನನ್ನ ಪಾಲಿಗೆ ಬಂತು. ಒಟ್ಟು ಇಪ್ಪತ್ತೆಂಟು ವರ್ಷ. ನಾನು ಓದಿದ್ದು ಎರಡನೇ ಕ್ಲಾಸು. ಇದನ್ನು ಬರೆದಿರುವುದು ನಾನೇ, ಕಾಗುಣಿತ ಮಾತ್ರ ಮಗಳು ತಿದ್ದಿದ್ದಾಳೆ.

ಫೈಬರ್ ಗ್ಲಾಸ್ ಅಂದರೆ ಗಾಜಿನ ನೂಲಿನ ಬಟ್ಟೆ. ಅದನ್ನು ಅಚ್ಚಿನ ಮೇಲೆ ಹಾಸಿ, ಜೇನಿನ ಹಾಗಿರುವ ರೆಸಿನ್‌ಗೆ ಹಾರ್ಡನರ್ ಕಲಸಿ, ಬ್ರಷ್ಷಿನಲ್ಲಿ ಬಳಿಯಬೇಕು. ಒಂದು ಗಂಟೆಯೊಳಗೆ ಕಲ್ಲಾಗುತ್ತದೆ. ನಾವು ಮಾಡುತ್ತಿದ್ದುದು ನೀರಿನ ಟ್ಯಾಂಕು, ಬಸ್ಸಿನ ಸೀಟು, ತಳ್ಳುಗಾಡಿಯ ಮೇಲಿನ ಚಾವಣಿ. ಹೆಚ್ಚು ಟ್ಯಾಂಕು. ಟ್ಯಾಂಕು ಮಾಡುವವರಿಗೆ ಇರುವುದು ಒಂದೇ ಭಯ, ಸೋರಿದರೆ ವಾಪಸ್ ಬರುತ್ತದೆ. ಅದಕ್ಕೇ ರೆಸಿನ್ ಧಾರಾಳವಾಗಿ ಬಳಿಯುತ್ತಿದ್ದೆವು. ಒಂದು ಗುಂಡುಸೂಜಿಯಷ್ಟು ತೂತು ಕಂಡರೂ ಪುಟ್ಟಿ ಮೆತ್ತಿ, ಮೇಲೆ ಬಟ್ಟೆ ತುಂಡು ಹಾಕಿ, ಉಜ್ಜಿ, ಪೇಂಟು ಹೊಡೆದು, ಎಲ್ಲಿತ್ತು ಅಂತ ಗೊತ್ತಾಗದ ಹಾಗೆ ಮಾಡುತ್ತಿದ್ದೆ. ಆ ಕೆಲಸದಲ್ಲಿ ನನ್ನಷ್ಟು ಕೈ ಯಾರಿಗೂ ಇರಲಿಲ್ಲ. ಇದು ಜಂಬ ಅಲ್ಲ, ಬೇರೆಯವರು ಮುಚ್ಚಿದ್ದು ಕಾಣಿಸುತ್ತಿತ್ತು, ಅಷ್ಟೆ.

ಯಜಮಾನರು ಶಿವಣ್ಣ. ದಾವಣಗೆರೆ ಕಡೆಯವರು, ಹಣೆ ಮೇಲೆ ವಿಭೂತಿ ಇಲ್ಲದೆ ಶಟರ್ ಎತ್ತುತ್ತಿರಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಹೊಸದು ಏನು ಬಂದರೂ ಬೇಡ ಅನ್ನಲು ಬಾರದು. ಹಾಗಾಗಿ ಏಪ್ರಿಲ್ ತಿಂಗಳಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಒಂದು ನಕ್ಷೆ ಸುತ್ತಿಕೊಂಡು ಬಂದಾಗ ಕೂರಿಸಿ ಟೀ ತರಿಸಿದರು.

ಹುಡುಗ ವಿನಯ್. ರಾಜಾಜಿನಗರದವನು, ಇಂಜಿನಿಯರು, ಮಾತಾಡುವಾಗ ಕೈಯಲ್ಲಿ ಗಾಳಿಯಲ್ಲೇ ಗೆರೆ ಎಳೆಯುತ್ತಿದ್ದ. ಹುಡುಗಿ ಮೇಘನಾ. ಬಸವೇಶ್ವರನಗರದ ಮೇಷ್ಟ್ರ ಮಗಳು, ಇಪ್ಪತ್ತೆರಡು ವರ್ಷ, ತೂಕ ನಲವತ್ತೆಂಟು ಕಿಲೋ. ಅವಳು ಆಡುವ ಆಟಕ್ಕೆ ವಿಂಡ್‌ಸರ್ಫಿಂಗ್ ಅನ್ನುತ್ತಾರೆ. ಉದ್ದನೆಯ ಹಲಗೆ, ಅದರ ನಡುವೆ ಒಂದು ಕಂಬ, ಕಂಬಕ್ಕೆ ಹಾಯಿ. ಹಲಗೆಯ ಮೇಲೆ ನಿಂತು ಹಾಯಿ ಹಿಡಿದು ನೀರಿನ ಮೇಲೆ ಗಾಳಿಯಲ್ಲಿ ಓಡುವುದು. ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿ ಸಮುದ್ರದ ಊರಿಗೆ ಕ್ಯಾಂಪಿಗೆ ಹೋದವಳು ಈ ಆಟ ಅಂಟಿಸಿಕೊಂಡು ಬಂದಿದ್ದಳು. ಬೆಂಗಳೂರಿನಲ್ಲಿ ಕೂತು ಸಮುದ್ರದ ಆಟ ಯಾಕಮ್ಮ ಅಂತ ಕೇಳಿದೆ. "ಇಲ್ಲಿ ಟ್ರಾಫಿಕ್ಕಲ್ಲಿ ನಿಂತೂ ನಿಂತೂ ಸಾಕಾಯ್ತು ಆಂಟಿ" ಅಂದಳು. ನನಗೆ ಹುಡುಗಿ ಅಲ್ಲೇ ಹಿಡಿಸಿದಳು.

ಅವಳ ಕಷ್ಟ ಇಷ್ಟು. ರಾಜ್ಯದ ತಂಡಕ್ಕೆ ಮೂವರು ಹುಡುಗಿಯರನ್ನು ಆರಿಸುತ್ತಾರೆ. ಹಿಂದಿನ ವರ್ಷ ಅವಳು ನಾಲ್ಕನೆಯವಳು. ಅವಳ ಹಲಗೆ ಹಳೆಯದು, ಒಂಬತ್ತು ಕಿಲೋ ಇನ್ನೂರು ಗ್ರಾಂ. ಗಾಳಿ ಕಡಿಮೆ ಇದ್ದಾಗ ಭಾರದ ಹಲಗೆ ನೀರಿನಿಂದ ಏಳುವುದಿಲ್ಲ, ನೀರನ್ನು ತಳ್ಳಿಕೊಂಡೇ ಹೋಗುತ್ತದೆ. ಅವಳ ಗುಂಪಿನ ಸ್ಪರ್ಧೆಯಲ್ಲಿ ಹಲಗೆಯನ್ನು ಯಾರ ಕೈಲಿ ಬೇಕಾದರೂ ಮಾಡಿಸಬಹುದಿತ್ತು. ಏಳು ಕಿಲೋ ಒಳಗೆ ಮಾಡಿಕೊಡಿ, ಜೂನ್ ಮೊದಲ ವಾರ ಆಯ್ಕೆ ಇದೆ ಅಂತ ಕೇಳಿಕೊಂಡು ಬಂದಿದ್ದರು. ವಯಸ್ಸಿನ ಲೆಕ್ಕದಲ್ಲಿ ಆ ಗುಂಪಿಗೆ ಅವಳಿಗೆ ಅದು ಕೊನೆಯ ವರ್ಷ.

ಶಿವಣ್ಣ ನನ್ನ ಮುಖ ನೋಡಿದರು. ನಾನು ಆಗಲ್ಲ ಅಂದೆ. ಏಳು ಕಿಲೋಗೆ ನಮ್ಮಲ್ಲಿ ಟ್ಯಾಂಕಿನ ಮುಚ್ಚಳವೂ ಆಗುತ್ತಿರಲಿಲ್ಲ.

ಆದರೂ ಮಾಡಿದೆವು. ಒಳಗೆ ಥರ್ಮಾಕೋಲಿನ ದಿಮ್ಮಿ, ಮೇಲೆ ತೆಳ್ಳನೆ ಗ್ಲಾಸ್ ಬಟ್ಟೆ, ಕಾಲಿಡುವ ಜಾಗದಲ್ಲಿ ಮಾತ್ರ ಕಾರ್ಬನ್ ಬಟ್ಟೆ. ಟ್ಯಾಂಕಿನ ರೆಸಿನ್ ಇದಕ್ಕೆ ಆಗುವುದಿಲ್ಲ ಅಂತ ವಿನಯ್ ಹೇಳಿದಾಗ ನಾನು ನಂಬಲಿಲ್ಲ. ಒಂದು ತುಂಡು ಥರ್ಮಾಕೋಲಿನ ಮೇಲೆ ನಮ್ಮ ರೆಸಿನ್ ಸುರಿದೆ. ಬಿಸಿ ಟೀಯಲ್ಲಿ ಸಕ್ಕರೆ ಹೋದ ಹಾಗೆ ಹೋಯಿತು. ಅದಕ್ಕೆ ಎಪಾಕ್ಸಿ ಅನ್ನುವ ಬೇರೆ ರೆಸಿನ್ ಬೇಕಿತ್ತು. ಅದನ್ನು ಬಳಿದ ಮೇಲೆ ಇಡೀ ಹಲಗೆಯನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಪಂಪು ಹಚ್ಚಿ ಗಾಳಿ ಎಳೆಯಬೇಕು. ಚೀಲ ಬಿಗಿಯುತ್ತಾ ಬಂದ ಹಾಗೆ ಹೆಚ್ಚಿನ ರೆಸಿನ್ ಹೊರಗೆ ಬರುತ್ತದೆ. ಬಳಿದದ್ದನ್ನು ಹಿಂಡಿ ತೆಗೆಯುವುದು ನನಗೆ ಸಂಕಟವಾಯಿತು. ಹಪ್ಪಳದ ಹಾಗೆ ತೆಳ್ಳಗೆ ಬಂತು. ನಾನು ಬ್ರಷ್ಷು ಹಿಡಿದು ಇನ್ನೊಂದು ಕೈ ಬಳಿಯಲು ಹೋದಾಗಲೆಲ್ಲ ವಿನಯ್ ಅಡ್ಡ ಬರುತ್ತಿದ್ದ. ನಾಲ್ಕನೇ ಸಲ ಬ್ರಷ್ಷನ್ನೇ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ.

ಪೇಂಟು ಮಾತ್ರ ನಾನು ಹೇಳಿದ್ದಾಯಿತು. ಟ್ಯಾಂಕಿಗೆ ಹೊಡೆದು ಉಳಿದಿದ್ದ ಕಪ್ಪು ಪೇಂಟು ಇತ್ತು. ಕೊಳೆ ಕಾಣಲ್ಲ, ಕಪ್ಪೇ ಇರಲಿ ಅಂದೆ. ಮೇಘನಾಗೂ ಇಷ್ಟವಾಯಿತು. ಪಕ್ಕದ ದಿನಸಿ ಅಂಗಡಿಯಲ್ಲಿ ಅಕ್ಕಿ ಮೂಟೆ ತೂಗುವ ಯಂತ್ರದ ಮೇಲೆ ಹಲಗೆ ಇಟ್ಟೆವು. ಆರು ಕಿಲೋ ಎಂಟುನೂರ ಐವತ್ತು ಗ್ರಾಂ. ಅಂಗಡಿಯವರು ಏನ್ರೀ ಇದು, ಇಸ್ತ್ರಿ ಮಾಡೋ ಹಲಗೇನಾ ಅಂತ ಕೇಳಿದರು. ಶಿವಣ್ಣ ಅಷ್ಟು ಹಲ್ಲು ಬಿಟ್ಟು ನಕ್ಕಿದ್ದನ್ನು ನಾನು ಅವತ್ತೇ ನೋಡಿದ್ದು.

ಹಲಗೆಯ ಮೇಲ್ಭಾಗದಲ್ಲಿ, ಕಂಬ ಸಿಗಿಸುವ ಜಾಗದ ಮುಂದೆ, ಒಂದು ಚಿಕ್ಕ ಹಿತ್ತಾಳೆ ತಿರುಪು ಇತ್ತು. ವಿನಯ್ ತಾನೇ ತಂದು ಕೂರಿಸಿದ್ದು. ಅದು ಯಾಕೆ ಅಂತ ಅವನು ಶಿವಣ್ಣನವರಿಗೆ ಹೇಳುತ್ತಿದ್ದಾಗ ನಾನು ಆ ಕಡೆ ಉಜ್ಜುವ ಮೆಷಿನ್ನು ಹಿಡಿದಿದ್ದೆ. ಆ ಸದ್ದಿನಲ್ಲಿ ನನಗೇನೂ ಕೇಳಲಿಲ್ಲ. ಆಮೇಲೆ ನಾನು ಕೇಳಲೂ ಇಲ್ಲ. ತಿರುಪು ಅಂದಮೇಲೆ ಬಿಗಿಯಾಗಿರಬೇಕು, ಇದರಲ್ಲಿ ಕೇಳುವುದೇನಿದೆ ಅಂದುಕೊಂಡಿದ್ದೆ.

ಪರೀಕ್ಷೆಗೆ ಮೇ ಕೊನೆಯ ಭಾನುವಾರ ಗೊತ್ತಾಯಿತು. ಆಯ್ಕೆಗೆ ಇನ್ನು ಒಂಬತ್ತು ದಿನ. ಮಾಗಡಿ ರಸ್ತೆಯಲ್ಲೇ ಊರು ದಾಟಿ ಹೋದರೆ ಸಿಗುವ ಒಂದು ದೊಡ್ಡ ಕೆರೆಯಲ್ಲಿ ಹೇಳಿ ಕೇಳಿ ಅನುಮತಿ ತಂದಿದ್ದರು. ಶಿವಣ್ಣ ಒಂದು ಷರತ್ತು ಹಾಕಿದರು. ಬೇರೆ ಮಾಲಿನ ಹಾಗೆ ಇದೂ ಗೌರಮ್ಮ, ಅಂದರೆ ನಾನು, ತಟ್ಟಿ ಸರಿ ಅಂದಮೇಲೇ ಕೈಗೆ ಕೊಡುವುದು, ಅವರೂ ಕೆರೆಗೆ ಬರಲಿ ಅಂದರು. ನಾನು ಲಗ್ಗೆರೆಯಿಂದ ಮೊದಲ ಬಸ್ಸು ಹಿಡಿದು ಏಳಕ್ಕೆಲ್ಲ ವರ್ಕ್‌ಶಾಪಿನಲ್ಲಿದ್ದೆ. ಕೀಲಿ ನನ್ನ ಹತ್ತಿರವೂ ಒಂದಿತ್ತು.

ಹಲಗೆ ಸ್ಟ್ಯಾಂಡಿನ ಮೇಲಿತ್ತು. ಕೈಯಾಡಿಸಿ ನೋಡಿದೆ. ಹಿತ್ತಾಳೆ ತಿರುಪು ಸಡಿಲವಾಗಿತ್ತು. ಮೂರು ಸುತ್ತು ಎದ್ದಿತ್ತು. ಇಂಜಿನಿಯರು ಓದಿದವನು ಒಂದು ತಿರುಪು ಬಿಗಿ ಮಾಡಲಿಲ್ಲವಲ್ಲ, ಇವತ್ತು ನೀರಿಗೆ ಇಳಿಯುವ ಹಲಗೆ ಅಂತ ಬೈದುಕೊಂಡೆ. ಸ್ಕ್ರೂಡ್ರೈವರ್ ತಂದು ಕೈ ನೋಯುವಷ್ಟು ಬಿಗಿದೆ. ಅಷ್ಟಕ್ಕೆ ಸುಮ್ಮನಾಗದೆ ತಿರುಪಿನ ಸುತ್ತ ಟ್ಯಾಂಕಿನ ನಲ್ಲಿಗೆ ಹಾಕುವ ಕಪ್ಪು ಸೀಲೆಂಟನ್ನು ತೆಳುವಾಗಿ ಎಳೆದು ಬೆರಳಿನಲ್ಲಿ ಸವರಿದೆ. ಚೆನ್ನಾಗಿ ಕೂತಿತು. ಎಂಟಕ್ಕೆ ಟೆಂಪೊ ಬಂತು. ಹಲಗೆಗೆ ಬೆಡ್‌ಶೀಟು ಸುತ್ತಿ ಹಿಂದೆ ಮಲಗಿಸಿದೆವು. ಹಳೆಯ ಹಲಗೆಯೂ ಜೊತೆಗೆ ಬಂತು, ಎರಡನ್ನೂ ಓಡಿಸಿ ಹೋಲಿಸಬೇಕಿತ್ತಲ್ಲ.

ಕೆರೆ ತಲುಪಿದಾಗ ಗಾಳಿಯೇ ಇರಲಿಲ್ಲ. ಮಧ್ಯಾಹ್ನದ ಮೇಲೆ ಬರುತ್ತದೆ ಅಂದಳು ಮೇಘನಾ. ಹಲಗೆಗಳನ್ನು ಹುಲ್ಲಿನ ಮೇಲೆ ಹಾಕಿ ಹೊಂಗೆ ಮರದ ಕೆಳಗೆ ಕೂತೆವು. ನಾನು ಚಿತ್ರಾನ್ನ ತಂದಿದ್ದೆ. ಮೀನು ಹಿಡಿಯುವವರ ಒಂದು ತೆಪ್ಪವನ್ನು ಅವತ್ತಿನ ಮಟ್ಟಿಗೆ ಹೇಳಿಟ್ಟಿದ್ದರು, ಹುಡುಗಿ ಬಿದ್ದರೆ ಹತ್ತಿರ ಇರಲಿ ಅಂತ. ತೆಪ್ಪದವನೂ ನಮ್ಮ ಜೊತೆ ಊಟಕ್ಕೆ ಕೂತ. ಈ ಹಲಗೆಗೆ ಬಲೆ ಕಟ್ಟಬಹುದಾ ಅಂತ ಎರಡು ಸಲ ಕೇಳಿದ. ಮರದ ನೆರಳು ನಮ್ಮ ನಾಲ್ಕು ಜನಕ್ಕೇ ಸಾಲುತ್ತಿತ್ತು. ಹಲಗೆಗಳು ಬಿಸಿಲಲ್ಲಿದ್ದವು.

ಎರಡು ಗಂಟೆಗೆ ಪಡುವಣ ಗಾಳಿ ಶುರುವಾಯಿತು. ದಡದಿಂದ ಸುಮಾರು ಮುನ್ನೂರು ಮೀಟರ್ ದೂರದಲ್ಲಿ ಒಂದು ಕೇಸರಿ ಡ್ರಮ್ಮನ್ನು ಕಲ್ಲು ಕಟ್ಟಿ ತೇಲಿಬಿಟ್ಟಿದ್ದರು. ಅದನ್ನು ಎರಡು ಸಲ ಸುತ್ತಿ ಬಂದರೆ ಒಂದು ಓಟ. ಪ್ರತಿ ಹಲಗೆಗೆ ಮೂರು ಓಟ. ವಿನಯ್ ಫೋನಿನಲ್ಲಿ ಗಡಿಯಾರ ಹಾಕಿ ನನ್ನ ಕೈಗೆ ಕೊಟ್ಟ, ತಾನು ಬೈನಾಕ್ಯುಲರ್ ಹಿಡಿದ. ಹಳೆಯ ಹಲಗೆ ಐದು ನಿಮಿಷ ಇಪ್ಪತ್ತು ಸೆಕೆಂಡು, ಐದು ಹನ್ನೆರಡು, ಐದು ಹದಿನೆಂಟು.

ಹೊಸ ಹಲಗೆ ನೀರಿಗಿಳಿಸುವ ಮುಂಚೆ ವಿನಯ್ ಬಗ್ಗಿ ತಿರುಪು ಮುಟ್ಟಿ ನೋಡಿದ. ಮೇಘನಾ ಬಿಗಿ ಮಾಡಿದ್ದಾಳೆ ಅಂದುಕೊಂಡು ಸುಮ್ಮನಾದ. ಅವಳೋ ಅವನು ಮಾಡಿದ್ದಾನೆ ಅಂದುಕೊಂಡಳು. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ನಾನು ಪಕ್ಕದಲ್ಲೇ ನಿಂತಿದ್ದೆ. ನಾನೇ ಬಿಗಿದದ್ದು ಅನ್ನಲಿಲ್ಲ, ಅವನ ಮರೆವನ್ನು ಎತ್ತಿ ಆಡುವುದು ಬೇಡ ಅಂತ. ನನ್ನ ಜೀವನದಲ್ಲಿ ಬಾಯಿ ಮುಚ್ಚಿಕೊಂಡಿದ್ದು ಕಡಿಮೆ. ಅವತ್ತು ಮುಚ್ಚಿಕೊಂಡಿದ್ದೇ ತಪ್ಪಾಯಿತು.

ಮೊದಲ ಓಟ ನಾಲ್ಕು ಐವತ್ತು. ಎರಡನೆಯದು ನಾಲ್ಕು ನಲವತ್ತೊಂದು. ಹಲಗೆ ನೀರಿನ ಮೇಲೆ ಇತ್ತೋ ಇಲ್ಲವೋ ಅನ್ನುವ ಹಾಗೆ ಬಂತು. ವಿನಯ್ ಪ್ಯಾಂಟು ಮಡಿಸದೆ ಮೊಣಕಾಲುದ್ದ ನೀರಿಗೆ ಇಳಿದುಬಿಟ್ಟ. ತೆಪ್ಪದವನು ಶಿಳ್ಳೆ ಹಾಕಿದ. ನಾನೂ ನಕ್ಕೆ. ಟ್ಯಾಂಕು ಎಷ್ಟೇ ಚೆನ್ನಾಗಿ ಮಾಡಿದರೂ ಓಡುವುದಿಲ್ಲವಲ್ಲ.

ನೀರು ಕುಡಿಯಲು ದಡಕ್ಕೆ ಬಂದ ಮೇಘನಾ ಒಂದು ಮಾತು ಹೇಳಿದಳು. ಮುಂದಿನ ಕಾಲಿನ ಕೆಳಗೆ ಯಾಕೋ ಮೆತ್ತಗಿದೆ. ಕಾಲಿನ ಪ್ಯಾಡು ಹೊಸದು, ಕೂರುತ್ತೆ ಬಿಡು ಅಂದ ವಿನಯ್. ಗಾಳಿ ಏರುತ್ತಿತ್ತು. ಮೂರನೇ ಓಟವೇ ನಿಜವಾದ ಪರೀಕ್ಷೆ, ಜೋರು ಗಾಳಿಯಲ್ಲಿ ತಡೆದುಕೊಂಡರೆ ಆಯ್ಕೆಗೆ ಇದನ್ನೇ ಒಯ್ಯುವುದು ಅಂತ ಇಬ್ಬರೂ ಅವಸರದಲ್ಲಿದ್ದರು.

ನಾನು ಸೀರೆ ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿ ನಾಣ್ಯ ತೆಗೆದೆ. ತಟ್ಟಿ ನೋಡುವುದು ಅಂದರೆ ಇದೇ. ಬಟ್ಟೆ ಒಳಗಿನದಕ್ಕೆ ಅಂಟಿಕೊಂಡಿದ್ದರೆ ನಾಣ್ಯ ಟಕ್ ಅನ್ನುತ್ತದೆ. ಬಿಟ್ಟುಕೊಂಡಿದ್ದರೆ ಡಬ್ ಅನ್ನುತ್ತದೆ, ಹಳೆಯ ಡಬ್ಬ ಬಡಿದ ಹಾಗೆ. ನಾವು ಅದಕ್ಕೆ ಸಿಪ್ಪೆ ಬಿಟ್ಟಿದೆ ಅನ್ನುತ್ತೇವೆ. ಹಿಂದಿನಿಂದ ತಟ್ಟುತ್ತಾ ಬಂದೆ. ಟಕ್, ಟಕ್, ಟಕ್. ಮುಂದಿನ ಕಾಲಿಡುವ ಜಾಗದ ಪಕ್ಕ ಡಬ್. ಅಲ್ಲಿಂದ ಒಂದು ಗೇಣು ಅಗಲಕ್ಕೆ ಡಬ್. ಬೆರಳಿನಲ್ಲಿ ಒತ್ತಿದರೆ ಪೂರಿಯ ಹಾಗೆ ಒಳಗೆ ಹೋಗಿ ಮೇಲೆ ಬಂತು.

ಸಿಪ್ಪೆ ಬಿಟ್ಟಿದೆ, ಈಗ ಬೇಡ ಅಂದೆ.

"ಆಂಟಿ, ಇದು ಟ್ಯಾಂಕ್ ಅಲ್ಲ" ಅಂದ ವಿನಯ್. "ಒಂದೇ ಒಂದು ರನ್. ಗಾಳಿ ಹೋದ್ರೆ ಇನ್ನೊಂದು ದಿನ ಸಿಗಲ್ಲ ನಮಗೆ."

ಅವನು ಹಾಯಿ ಸಿಗಿಸಲು ಬಗ್ಗಿದ. ವಾದ ಮಾಡಿ ಇಂಜಿನಿಯರನ್ನು ಗೆಲ್ಲಲು ನನ್ನ ಕೈಲಾಗದು. ಹಲಗೆಯ ಹಿಂದಿನ ಗಟ್ಟಿ ಜಾಗ ನೋಡಿ ಕೂತುಬಿಟ್ಟೆ. ನನ್ನ ತೂಕ ಎಪ್ಪತ್ತೆರಡು ಕಿಲೋ. ಹುಲ್ಲಿನ ಮೇಲೆ ಹಲಗೆ, ಹಲಗೆಯ ಮೇಲೆ ನಾನು. ಎಬ್ಬಿಸುವುದಾದರೆ ಎಬ್ಬಿಸಿ ಅಂದೆ.

ಮೇಘನಾಗೆ ನಗು ತಡೆಯಲಾಗಲಿಲ್ಲ. ವಿನಯ್ ನಗಲಿಲ್ಲ. ಸಮಾಧಾನದಿಂದಲೇ ವಿವರಿಸಿದ. ಥರ್ಮಾಕೋಲಿನೊಳಗೆ ತುಂಬ ಗಾಳಿ ಇರುತ್ತದೆ. ಬಿಸಿಲಿಗೆ ಗಾಳಿ ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ತೆಳ್ಳನೆ ಬಟ್ಟೆಯನ್ನು ಒಳಗಿನಿಂದ ತಳ್ಳಿ ಕೀಳುತ್ತದೆ. ಅದಕ್ಕೇ ಆ ಹಿತ್ತಾಳೆ ತಿರುಪು ಇರುವುದು. ಸಾಗಿಸುವಾಗ, ಬಿಸಿಲಲ್ಲಿಡುವಾಗ ಸಡಿಲ ಬಿಡಬೇಕು. ನೀರಿಗಿಳಿಸುವಾಗ ಮಾತ್ರ ಬಿಗಿ ಮಾಡಬೇಕು.

"ನಿನ್ನೆ ಸಂಜೆ ನಾನೇ ಮೂರು ಸುತ್ತು ಸಡಿಲ ಮಾಡಿ ಹೋಗಿದ್ದೆ. ಹಾಗಾಗಿ ಸಿಪ್ಪೆ ಬಿಡೋಕೆ ಚಾನ್ಸೇ ಇಲ್ಲ ಆಂಟಿ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಟೆಂಪೊದಲ್ಲಿ ಒಂದೂವರೆ ಗಂಟೆ, ಹುಲ್ಲಿನ ಮೇಲೆ ನಾಲ್ಕು ಗಂಟೆ, ಅದೂ ಕಪ್ಪು ಹಲಗೆ.

"ಬೆಳಿಗ್ಗೆ ನಾನೇ ಬಿಗಿ ಮಾಡಿದೆ ಕಣಪ್ಪ" ಅಂದೆ. "ಮೇಲೆ ಸೀಲೆಂಟೂ ಹಾಕಿದೀನಿ."

ವಿನಯ್ ಮೊಣಕಾಲೂರಿ ಉಗುರಿನಲ್ಲಿ ಸೀಲೆಂಟು ಕೆರೆದ. ಅದು ಅಷ್ಟು ಸುಲಭಕ್ಕೆ ಬರಲಿಲ್ಲ, ನಾನು ಹಾಕಿದ್ದು. ಕೊನೆಗೆ ತಿರುಪು ತಿರುಗಿಸಿದಾಗ ಸೈಕಲ್ ಟ್ಯೂಬಿನಿಂದ ಬರುವ ಹಾಗೆ ಉಸ್ಸೆಂದು ಗಾಳಿ ಬಂತು. ಉಬ್ಬು ಇಳಿಯಿತು. ಆದರೆ ಬಿಟ್ಟುಕೊಂಡ ಜಾಗ ಬಿಟ್ಟುಕೊಂಡೇ ಇತ್ತು.

ವಿನಯ್ ಎದ್ದು ಹೋಗಿ ಮರದ ಹತ್ತಿರ ನಮಗೆ ಬೆನ್ನು ಹಾಕಿ ನಿಂತ. ಎರಡು ತಿಂಗಳ ಕೆಲಸ. ಅವನು ಬೈದಿದ್ದರೆ ನಾನು ಕೇಳಿಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ನಾನು ಅಳಲೂ ಇಲ್ಲ, ಕ್ಷಮಿಸಿ ಅಂತ ಹತ್ತು ಸಲ ಹೇಳಲೂ ಇಲ್ಲ. ಒಂದು ಸಲ ಹೇಳಿದೆ. ಅದರಿಂದ ಹಲಗೆ ಅಂಟಿಕೊಳ್ಳುವುದಿಲ್ಲ.

ಮೇಘನಾ ನನ್ನ ಪಕ್ಕ ಬಂದು ಕೂತಳು. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದೇ ಮಾತು ಕೇಳಿದಳು.

"ಸರಿ ಮಾಡೋಕಾಗುತ್ತಾ ಆಂಟಿ? ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ. ಹಳೇದ್ರಲ್ಲೇ ಪ್ರಾಕ್ಟೀಸ್ ಮಾಡ್ಕೋತೀನಿ."

"ಆಗುತ್ತೆ. ತೂಕ ಎಷ್ಟು ಏರುತ್ತೆ ಅಂತ ಹೇಳಕ್ಕಾಗಲ್ಲ" ಅಂದೆ. "ಎರಡು ದಿನ ಕೊಡು."

ಸಂಜೆ ವಾಪಸ್ ಬಂದು ಶಿವಣ್ಣನವರಿಗೆ ನಾನೇ ಹೇಳಿದೆ. ಅವರು ತಲೆ ಮೇಲೆ ಕೈ ಹೊತ್ತು ಕೂತರು. "ಅಲ್ರೀ ಗೌರಮ್ಮ, ಅಂವ ನನಗ ಹೇಳಿದ್ದ ನೋಡ್ರಿ. ನಾನಾದ್ರೂ ನಿಮಗೊಂದು ಮಾತು ಹೇಳಬೇಕಿತ್ತು" ಅಂದರು. ತಪ್ಪಿನಲ್ಲಿ ಪಾಲು ಕೇಳಿದ ಯಜಮಾನರನ್ನು ನಾನು ನೋಡಿದ್ದು ಅವರೊಬ್ಬರನ್ನೇ.

ಮರುದಿನ ಕೆಲಸಕ್ಕೆ ಕೂತೆ. ಬಿಟ್ಟುಕೊಂಡ ಜಾಗದ ಸುತ್ತ ನಾಣ್ಯದಲ್ಲಿ ತಟ್ಟಿ ತಟ್ಟಿ ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ. ಅದರೊಳಗೆ ಬೆಂಕಿಕಡ್ಡಿ ಗಾತ್ರದ ಹದಿನಾಲ್ಕು ತೂತು ಕೊರೆದೆ. ಇಪ್ಪತ್ತೆಂಟು ವರ್ಷದಲ್ಲಿ ಸರಿ ಇರುವ ಬಟ್ಟೆಗೆ ನಾನಾಗಿ ತೂತು ಹಾಕಿದ್ದು ಅದೇ ಮೊದಲು. ಔಷಧಿ ಅಂಗಡಿಯಿಂದ ತಂದ ಸಿರಿಂಜಿನಲ್ಲಿ ಎಪಾಕ್ಸಿ ತುಂಬಿ ಒಂದು ತೂತಿನಿಂದ ಒಳಗೆ ತಳ್ಳಿದೆ. ಪಕ್ಕದ ತೂತಿನಿಂದ ಹೊರಗೆ ಇಣುಕಿದ ಕೂಡಲೇ ನಿಲ್ಲಿಸಿ ಮುಂದಿನದಕ್ಕೆ ಹೋದೆ. ನನ್ನ ಕೈಗೆ ಇನ್ನೊಂದಿಷ್ಟು ತಳ್ಳು ಅನ್ನುವ ಚಟ. ವಿನಯ್ ಎದುರಿಗೆ ಕೂತಿದ್ದ. ಬ್ರಷ್ಷಿನ ಹಾಗೆ ಸಿರಿಂಜನ್ನೂ ಬೀರುವಿನಲ್ಲಿ ಇಡಲಾ ಅಂತ ಕೇಳಿದ. ಅವನು ಮತ್ತೆ ಮಾತಾಡಿದ್ದು ಹಾಗೆ. ಆಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಮರಳಿನ ಚೀಲ ಹೇರಿ, ಒಂದು ಇಡೀ ದಿನ ಬಿಟ್ಟೆವು.

ಬುಧವಾರ ತಟ್ಟಿದೆ. ತುದಿಯಿಂದ ತುದಿಗೆ ಟಕ್. ದಿನಸಿ ಅಂಗಡಿಯ ಯಂತ್ರದಲ್ಲಿ ಆರು ಕಿಲೋ ಒಂಬೈನೂರ ನಲವತ್ತು. ತೊಂಬತ್ತು ಗ್ರಾಂ ಏರಿತ್ತು, ಆದರೂ ಏಳರ ಒಳಗೆ. ಬಿಸಿಲಿಗೆ ಅಷ್ಟು ಕಾಯದಿರಲಿ ಅಂತ ಮೇಲೆ ಕಪ್ಪು ತೆಗೆದು ಬಿಳಿ ಪೇಂಟು ಹೊಡೆದೆವು. ಅದರಿಂದ ಇನ್ನೂ ಮೂವತ್ತು ಗ್ರಾಂ ಏರಿತು. ಮೇಘನಾ ಹೇಗೋ ಇನ್ನೊಂದು ದಿನದ ಅನುಮತಿ ಗಿಟ್ಟಿಸಿ, ಗುರುವಾರ ನನ್ನನ್ನೂ ಕರೆದುಕೊಂಡು ಅದೇ ಕೆರೆಗೆ ಹೋಗಿ ಜೋರು ಗಾಳಿಯಲ್ಲೇ ಮೂರು ಓಟ ಓಡಿದಳು. ಕೊನೆಯದು ನಾಲ್ಕು ಮೂವತ್ತೆಂಟು. ದಡಕ್ಕೆ ಬಂದಮೇಲೆ ಮತ್ತೆ ತಟ್ಟಿ ನೋಡಿದೆ. ಸರಿ, ತಗೊಂಡು ಹೋಗು ಅಂದೆ.

ಆಯ್ಕೆಯ ದಿನ ಶಿವಣ್ಣನವರ ಫೋನಿಗೆ ಸಂಜೆ ಐದಕ್ಕೆ ಕರೆ ಬಂತು. ಸ್ಪೀಕರಿಗೆ ಹಾಕಿದರು. ಗಾಳಿ ಕಡಿಮೆ ಇದ್ದ ಎರಡು ಓಟದಲ್ಲಿ ಅವಳು ಮುಂದೆ ಬಂದಿದ್ದಳು, ಜೋರಿದ್ದ ಓಟದಲ್ಲಿ ಹಿಂದೆ ಬಿದ್ದಿದ್ದಳು. ಒಟ್ಟು ಸೇರಿಸಿ ಮೂರನೆಯವಳು. ಮೂವರೇ ಬೇಕಾಗಿದ್ದುದು. ಶಿವಣ್ಣ ಎಲ್ಲರಿಗೂ ಮೈಸೂರುಪಾಕು ತರಿಸಿದರು. ನಾನು ಎರಡು ತಿಂದೆ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟೆ. ಕೈಗೆ ಚೆನ್ನಾಗಿ ಬರುವ ಕೆಲಸವೇ ನಮ್ಮನ್ನು ಬೀಳಿಸುತ್ತದೆ, ಬಾರದ ಕೆಲಸಕ್ಕಾದರೆ ನಾಲ್ಕು ಜನರನ್ನು ಕೇಳಿಯೇ ಕೈ ಹಾಕುತ್ತೇವೆ. ತೆರೆದಿರುವುದನ್ನು ಮುಚ್ಚುವ ಮುಂಚೆ ಯಾಕೆ ತೆರೆದಿದೆ ಅಂತ ಒಂದು ಮಾತು ಕೇಳಬೇಕು. ಓದಿದವರು ತೆರೆದಿಟ್ಟು ಹೋಗುವಾಗ, ಕಸ ಗುಡಿಸುವವರನ್ನೂ ಸೇರಿಸಿ ಎಲ್ಲರಿಗೂ, ಯಾಕೆ ಅಂತ ಹೇಳಿ ಹೋಗಬೇಕು.

ಫೋನು ಬಂದ ಮರುದಿನ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದೆ. ಸಾವಿರ ಲೀಟರಿನ ಟ್ಯಾಂಕೊಂದು ಹೊರಡಲು ಸಿದ್ಧವಾಗಿತ್ತು. ತಳದ ಹತ್ತಿರ ಕಡಲೆ ಗಾತ್ರದ ಒಂದು ತೂತು ಕಂಡಿತು. ಪುಟ್ಟಿ ಕಲಸುವ ಮುಂಚೆ ಶಿವಣ್ಣನವರನ್ನು ಕರೆದು, ಇದು ಬೇಕು ಅಂತ ಬಿಟ್ಟಿದ್ದಾ ಅಂತ ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ಇಲ್ಲ ಗೌರಮ್ಮ, ಇದು ಸುಮ್ಮನೆ ತೂತು ಅಂದರು.

ಮುಚ್ಚಿದೆ.